ನೆಲ ನಿಜವಾಗಿಯೂ ಡೊಂಕಿದ್ದರೆ?



‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಮಕ್ಕಳು ನೆಪ ಹೇಳಿದಾಗಲೆಲ್ಲ ನಾವು ಹಿರಿಯರು ಈ ಮಾತನ್ನು ಅವರ ಮುಂದಿಡುತ್ತೇವೆ. ಗಾದೆಯಲ್ಲಿ ಸತ್ಯವಿದೆ. ಆದರೆ ನೆಲ ನಿಜವಾಗಿಯೂ ಡೊಂಕಿದ್ದರೆ?

ರಜೆಯಲ್ಲಿ ಹಟ್ಟಿಯ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಭಾನುವಾರ ಸಂಜೆ ಅಕ್ಕನ ಮಗ ಬ್ಯಾಟು ಹೆಗಲಿಗೇರಿಸಿಕೊಂಡು ಬಂದ. “ಎಷ್ಟು ಹೊಡೆದೆಯೋ?” ಎಂದೆ. “ಹದಿನಾಲ್ಕು, ಮಾಮಾ.” “ಅಷ್ಟೇನಾ!” ಎಂದು ನಕ್ಕುಬಿಟ್ಟೆ. ಹುಡುಗ ತಲೆ ತಗ್ಗಿಸಿ ಊಟ ಮಾಡಿದ. ಮರುದಿನ ಅವರು ಆಡುವ ಜಾಗದ ಪಕ್ಕದಲ್ಲೇ ಹಾದುಹೋದೆ. ಗರಸು ನೆಲ, ನಡುನಡುವೆ ಕಲ್ಲು. ಒಂದು ಚೆಂಡು ಕಿವಿಯ ಮಟ್ಟಕ್ಕೆ ಹಾರಿದರೆ, ಮುಂದಿನದು ನೆಲಕ್ಕಂಟಿಕೊಂಡೇ ಹೋಗುತ್ತಿತ್ತು. ಹಿಂದಿನ ದಿನ ಅವನ ತಂಡದವರೆಲ್ಲ ಸೇರಿ ಹೊಡೆದದ್ದು ನಲವತ್ತೊಂದು ರನ್ ಎಂದು ಅಲ್ಲಿದ್ದ ಹುಡುಗರು ಹೇಳಿದರು. ನನ್ನ ನಗೆ ನೆನೆದು ನನಗೇ ನಾಚಿಕೆಯಾಯಿತು.

ದೊಡ್ಡ ಆಟದಲ್ಲೂ ಇದೇ ಪ್ರಶ್ನೆಯಿದೆ. ಗಟ್ಟಿಯಾಗಿ ಉರುಳೆ ಹೊಡೆದ ಸಮತಟ್ಟು ಪಿಚ್‌ನಲ್ಲಿ ಚೆಂಡು ಎಷ್ಟು ಪುಟಿಯುತ್ತದೆಂದು ದಾಂಡಿಗ ಮೊದಲೇ ಊಹಿಸಬಲ್ಲ. ಒಣಗಿ ಪುಡಿಯಾದ ಪಿಚ್‌ನಲ್ಲಿ ಚೆಂಡು ಅತಿಯಾಗಿ ತಿರುಗುತ್ತದೆ. ಒಮ್ಮೆ ಏಳುತ್ತದೆ, ಒಮ್ಮೆ ಕುಸಿಯುತ್ತದೆ. ಅಂಕಪಟ್ಟಿಯಲ್ಲಿ ಮಾತ್ರ ರನ್ನಿಗೆ ರನ್ನೇ ಸಮ.

1987ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಅಹಮದಾಬಾದಿನಲ್ಲಿ ಪಾಕಿಸ್ತಾನದ ವಿರುದ್ಧ ಸುನಿಲ್ ಗವಾಸ್ಕರ್ 63 ರನ್ ಗಳಿಸಿ, ಟೆಸ್ಟ್ ಪಂದ್ಯಗಳಲ್ಲಿ 10,000 ರನ್ ಮುಟ್ಟಿದ ಮೊದಲಿಗರಾದರು. ದೇಶವೇ ಸಂಭ್ರಮಿಸಿತು. ಮುಂದಿನ ಪಂದ್ಯ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಲ್ಲಿನ ಪಿಚ್‌ನಲ್ಲಿ ಚೆಂಡು ಬುಗುರಿಯಂತೆ ತಿರುಗಿತು. ಪಾಕಿಸ್ತಾನ 116ಕ್ಕೆ ಮುಗಿಯಿತು, ಭಾರತ 145ಕ್ಕೆ. ಎರಡನೆಯ ಸರದಿಯಲ್ಲಿ ಪಾಕಿಸ್ತಾನ 249 ಗಳಿಸಿತು. ಗೆಲ್ಲಲು 221 ಬೇಕಿದ್ದ ಭಾರತ 204ಕ್ಕೆ ಔಟಾಗಿ 16 ರನ್‌ಗಳಿಂದ ಸೋತಿತು. ಆ 204ರಲ್ಲಿ ಗವಾಸ್ಕರ್ ಒಬ್ಬರದೇ 96. ಉಳಿದವರಲ್ಲಿ ಒಬ್ಬರೂ 30 ಮುಟ್ಟಲಿಲ್ಲ. ಅದು ಅವರ ಕೊನೆಯ ಟೆಸ್ಟ್. ಅವರ 34 ಶತಕಗಳ ಪಟ್ಟಿಯಲ್ಲಿ ಈ ಆಟಕ್ಕೆ ಜಾಗವಿಲ್ಲ. ಆದರೂ ನೋಡಿದವರು ಅವರ ಶ್ರೇಷ್ಠ ಆಟಗಳ ಸಾಲಿನಲ್ಲಿ ಅದನ್ನು ಇಡುತ್ತಾರೆ.

ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅವರದೂ ಇಂಥದೇ ಕಥೆ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ಭಾರತದ ಒಟ್ಟು ಮೊತ್ತ 190. ವಿಶ್ವನಾಥ್ ಔಟಾಗದೆ 97. ಅದೂ ಶತಕವಲ್ಲ. ಆದರೆ ಆ ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು.

ಇನ್ನೊಂದು ಕಡೆಯನ್ನೂ ನೋಡಿ. 1997ರ ಆಗಸ್ಟ್‌ನಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ ಭಾರತದ ವಿರುದ್ಧ 6 ವಿಕೆಟ್‌ಗೆ 952 ರನ್ ಪೇರಿಸಿತು. ಜಯಸೂರ್ಯ ಗಳಿಸಿದ್ದು 340. ಭಾರತವೂ 500 ದಾಟಿತ್ತು. ಪಿಚ್ ದಾಂಡಿಗರ ಸ್ವರ್ಗವೇ ಆಗಿತ್ತು. ಹಾಗೆಂದು ಆ 340ನ್ನು ಹಗುರವಾಗಿ ಕಾಣಬಹುದೇ? ಅದೇ ಪಿಚ್‌ನಲ್ಲಿ ಆಡಿದ ಉಳಿದವರಾರೂ ಅಷ್ಟು ಹೊಡೆಯಲಿಲ್ಲವಲ್ಲ! ಒಳ್ಳೆಯ ನೆಲ ಸಿಕ್ಕಿದ್ದು ಅವರ ಅಪರಾಧವಲ್ಲ. ಒಬ್ಬನಿಗೆ ನ್ಯಾಯ ಕೊಡಲು ಹೋಗಿ ಇನ್ನೊಬ್ಬನಿಗೆ ಅನ್ಯಾಯ ಮಾಡಬಾರದು.

ಹಾಗಾದರೆ ನೆಲ ಡೊಂಕೆಂದು ತಿಳಿಯುವುದು ಹೇಗೆ? ಉಳಿದವರು ಬಿದ್ದರು, ಆದ್ದರಿಂದ ಪಿಚ್ ಕೆಟ್ಟದ್ದು ಎಂದರೆ ಸಾಲದು. ಉಳಿದವರೇ ಕೆಟ್ಟದಾಗಿ ಆಡಿರಬಹುದು. ಎರಡೂ ತಂಡಗಳು ಎಡವಿದವೇ ಎಂದು ನೋಡಬೇಕು. ಬೆಂಗಳೂರಿನಲ್ಲಿ ನಾಲ್ಕು ಸರದಿಗಳಲ್ಲಿ ಒಂದೂ 250 ಮುಟ್ಟಲಿಲ್ಲ. ಆಗಲೂ ‘ಈ 96 ಬೇರೆ ಕಡೆಯ 180ಕ್ಕೆ ಸಮ’ ಎಂದು ಲೆಕ್ಕ ಕಟ್ಟಿ ಹೇಳಲಾಗದು. ಅಂಥ ತಕ್ಕಡಿ ಮನುಷ್ಯರ ಕೈಯಲ್ಲಿಲ್ಲ. ನಮ್ಮಿಂದ ಆಗುವುದು ಇಷ್ಟೇ: ತೀರ್ಪು ಕೊಡುವ ಮೊದಲು ನೆಲವನ್ನು ಹೋಗಿ ನೋಡುವುದು.

ಹಟ್ಟಿಯ ಜನರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಗಣಿಯಿಂದ ಮೇಲೆ ಬಂದ ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಒಂದು ಕಡೆಯ ಕಲ್ಲಿನಲ್ಲಿ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಅದಿರನ್ನು ನೋಡದೆ, ಸಿಕ್ಕ ಚಿನ್ನವನ್ನಷ್ಟೇ ತೂಗಿ ಕೆಲಸಗಾರನ ಬೆವರಿಗೆ ಬೆಲೆ ಕಟ್ಟಿದರೆ ನೀವು ಒಪ್ಪುತ್ತೀರಾ? ಸಿಂಧನೂರಿನ ಕಾಲುವೆ ನೀರಿನ ಗದ್ದೆಯ ಫಸಲನ್ನೂ ಮಳೆಯನ್ನೇ ನಂಬಿದ ಹೊಲದ ಫಸಲನ್ನೂ ಒಂದೇ ಅಳತೆಯಲ್ಲಿ ಅಳೆದು ರೈತನನ್ನು ಸೋಮಾರಿ ಎನ್ನುತ್ತೀರಾ?

ಆದರೆ ಮನೆಯಲ್ಲಿ ನಾವು ಮಾಡುವುದು ಅದನ್ನೇ. ಪರೀಕ್ಷೆಯ ಫಲಿತಾಂಶ ಬಂದ ದಿನ ಪಕ್ಕದ ಮನೆಯ ಹುಡುಗನ ಎಂಬತ್ತೈದನ್ನು ನಮ್ಮ ಮಗಳ ಅರವತ್ತರ ಪಕ್ಕಕ್ಕೆ ಇಡುತ್ತೇವೆ. ಅವನಿಗೆ ಟ್ಯೂಷನ್ ಇತ್ತು, ಓದಲು ಬೇರೆ ಕೋಣೆಯಿತ್ತು. ಇವಳು ನೀರು ತಂದು, ತಮ್ಮನನ್ನು ಮಲಗಿಸಿ, ರಾತ್ರಿಪಾಳಿಗೆ ಹೊರಟ ಅಪ್ಪನಿಗೆ ಬುತ್ತಿ ಕಟ್ಟಿದ ಮೇಲೆ ಪುಸ್ತಕ ತೆರೆದವಳು. ಆ ಅರವತ್ತು ಯಾವ ನೆಲದಲ್ಲಿ ಗಳಿಸಿದ್ದು ಎಂದು ಕೇಳಿದೆವೇ? ಆ ನೆಲದ ಒಂದಷ್ಟು ಡೊಂಕು ನಮ್ಮಿಂದಲೇ ಆದದ್ದಲ್ಲವೇ?

ಶುಭಸಂದೇಶದಲ್ಲಿ ಬಡ ವಿಧವೆಯ ಎರಡು ಕಾಸಿನ ಪ್ರಸಂಗವಿದೆ. ಯೇಸುಸ್ವಾಮಿ ಕಾಣಿಕೆಪೆಟ್ಟಿಗೆಯ ಎದುರು ಕುಳಿತು ನೋಡುತ್ತಿದ್ದರು ಎಂದು ಸಂತ ಮಾರ್ಕರು ಬರೆದಿದ್ದಾರೆ. ಪೆಟ್ಟಿಗೆಗೆ ಬಿದ್ದದ್ದನ್ನು ಯಾರು ಬೇಕಾದರೂ ಎಣಿಸಬಹುದಿತ್ತು. ಅದನ್ನು ಕೊಟ್ಟ ಮೇಲೆ ಆಕೆಯ ಬಳಿ ಏನು ಉಳಿಯಿತು ಎಂಬುದು ಕಂಡದ್ದು ಅವರಿಗೆ ಮಾತ್ರ.

ಹಾಗಾದರೆ ಆ ಹಳೆಯ ಗಾದೆಯನ್ನು ಬಿಟ್ಟುಬಿಡೋಣವೇ? ಬೇಡ. ಅದನ್ನು ನಮಗಾಗಿ ಇಟ್ಟುಕೊಳ್ಳೋಣ. ನಾನು ಸೋತಾಗ ನೆಲವನ್ನು ದೂರುವ ಮೊದಲು ನನ್ನ ಹೆಜ್ಜೆಯನ್ನು ನೋಡಿಕೊಳ್ಳಬೇಕು. ಇನ್ನೊಬ್ಬರು ಸೋತಾಗ ಅವರ ಹೆಜ್ಜೆಯನ್ನು ದೂರುವ ಮೊದಲು ನೆಲವನ್ನು ನೋಡಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ.

ಅಂದು ಸಂಜೆ ಹುಡುಗನನ್ನು ಬಳಿ ಕೂರಿಸಿಕೊಂಡು, “ನಿನ್ನೆ ನಕ್ಕದ್ದು ನನ್ನ ತಪ್ಪು ಕಣೋ. ಪಿಚ್ ನೋಡಿ ಬಂದೆ” ಎಂದೆ. ಅವನ ಮುಖ ಅರಳಿತು. ಒಂದೊಂದು ಚೆಂಡಿನ ಕಥೆಯನ್ನೂ ಹೇಳಿದ. ಕೊನೆಗೆ ತಾನಾಗಿಯೇ, “ಆದ್ರ ಔಟಾದ ಚೆಂಡು ಛಲೋನ ಬಂದಿತ್ತು ಮಾಮಾ. ನಾನ ತಪ್ಪು ಹೊಡದೆ” ಎಂದ. ನೆಲದ ಡೊಂಕನ್ನು ನಾನು ಒಪ್ಪಿಕೊಂಡದ್ದೇ ತಡ, ತನ್ನ ತಪ್ಪನ್ನು ಒಪ್ಪಿಕೊಳ್ಳಲು ಅವನಿಗೆ ಧೈರ್ಯ ಬಂದಿತ್ತು.

ಓದುಗರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಗುವನ್ನು ‘ಎಷ್ಟು ಬಂತು?’ ಎಂದು ಕೇಳುವ ಮೊದಲು, ‘ಹೇಗಿತ್ತು?’ ಎಂದು ಒಮ್ಮೆ ಕೇಳಿ ನೋಡಿ.