*ದಿನದ ಚಿಂತನೆ: ನಾನು ಕುಡಿಯದ ಚಾ*



ಬಂಧುಗಳೇ, ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ.

ಮಿಜಾರಿನ ನಮ್ಮ ಭಾನುವಾರದ ವಂದನೆಗೆ ಬರುವ ಅಕ್ಕನೊಬ್ಬರಿಗೆ ಎರಡೂ ಕೈಗಳಲ್ಲಿ ಇಸಬು. ಡಾಕ್ಟರು ಎಕ್ಸಿಮಾ ಅಂದಿದ್ದಾರೆ. ಅಕ್ಕ ಬೀಡಿ ಕಟ್ಟುವವರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಬೆರಳು ಬಿರಿದ ವಾರ ಕೂಲಿ ಇಳಿಯುತ್ತದೆ, ಮುಲಾಮಿನ ಖರ್ಚು ಏರುತ್ತದೆ. ರಾತ್ರಿಯಿಡೀ ತುರಿಕೆ, ನಿದ್ದೆಯಿಲ್ಲ. ನಿದ್ದೆಗೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ತುರಿಕೆ ಇನ್ನಷ್ಟು ಜೋರಾಗುತ್ತದೆ.

ಒಂದು ಭಾನುವಾರ ಅವರು ಕೊಟ್ಟ ಚಾವನ್ನು ನಾನು ಕುಡಿಯದೆ ಪಕ್ಕಕ್ಕಿಟ್ಟೆ. ಅವರು ನೋಡಿದರು. ಮುಂದಿನ ವಾರ ಸೆರಗಿನೊಳಗೆ ಕೈ ಮುಚ್ಚಿಕೊಂಡು ಬಾಗಿಲ ಬಳಿ ಕೂತರು.

ಇಸಬು ಅಂಟುರೋಗವಲ್ಲ ಎಂದು ನನಗೆ ಗೊತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ಹೇಳಿಯೂ ಇದ್ದೆ. ನನ್ನ ಅಜ್ಜನಿಗೆ ಅಂಗಡಿಯ ಹೊರಗೆ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದರು. ಅವರ ಮೊಮ್ಮಗ ನಾನು, ಅಕ್ಕನ ಲೋಟ ದೂರ ಸರಿಸಿದೆ.

ನಮ್ಮ ಜಿಲ್ಲೆಯಲ್ಲಿ ಚರ್ಮರೋಗ ಅಂದರೆ ಮೊದಲು ಬರುವ ಮಾತು ನಾಗದೋಷ, ಹಿಂದಿನ ಜನ್ಮದ ಪಾಪ. ವಾಸಿಯಾಗಲೆಂದು ಕುಕ್ಕೆಯಲ್ಲಿ ಜನ ಎಂಜಲೆಲೆಯ ಮೇಲೆ ಉರುಳಿದರು. ಅದನ್ನು ತಡೆಯಲು 2017ರಲ್ಲಿ ರಾಜ್ಯ ಕಾನೂನೇ ಮಾಡಬೇಕಾಯಿತು. ಬುದ್ಧರಾದರೋ ಸೀವಕನಿಗೆ ಅಂದೇ ತಿಳಿಸಿದ್ದರು: ಎಲ್ಲ ನೋವೂ ಹಿಂದಿನ ಕರ್ಮದ್ದಲ್ಲ, ಪಿತ್ತ, ಕಫ, ವಾತದಿಂದ, ಹವೆ ಬದಲಾಗುವುದರಿಂದಲೂ ನೋವು ಹುಟ್ಟುತ್ತದೆ.

ಆನಂದರ ಉಪಾಧ್ಯಾಯರಾದ ಬೇಲಟ್ಠಸೀಸರಿಗೂ ಚರ್ಮರೋಗವಿತ್ತು ಎನ್ನುತ್ತದೆ ವಿನಯಪಿಟಕದ ಮಹಾವಗ್ಗ. ಕೀವು ಸೋರಿ ಚೀವರ ಮೈಗೆ ಅಂಟುತ್ತಿತ್ತು. ಭಿಕ್ಖುಗಳು ಅದನ್ನು ನೀರಿನಿಂದ ನೆನೆಸಿ ನೆನೆಸಿ ಬಿಡಿಸುತ್ತಿದ್ದರು. ಅದನ್ನು ಕಂಡ ಬುದ್ಧರು ಯಾವ ಜನ್ಮದ ಪಾಪವೆಂದು ಕೇಳಲಿಲ್ಲ, ಯಾವ ಕಾಯಿಲೆಯೆಂದು ಕೇಳಿದರು. ಔಷಧದ ಪುಡಿಗೂ ಹುಣ್ಣು ಮುಚ್ಚುವ ಬಟ್ಟೆಗೂ ಅನುಮತಿ ಕೊಟ್ಟರು. ರೋಗಿಯ ಮೈ ಮುಟ್ಟಿದ ಆ ಭಿಕ್ಖುಗಳ ಕೈಗಳಲ್ಲಿ ಧಮ್ಮವಿತ್ತು.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂಬುದೂ ಒಂದು. ಅದನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತೇವೆ. ನಮ್ಮ ಕೈಗೂ ಅದು ಕೇಳಿಸಬೇಕಲ್ಲವೇ? ಜಾತಿಯ ಹೆಸರಿನಲ್ಲಾಗಲಿ ರೋಗದ ಹೆಸರಿನಲ್ಲಾಗಲಿ, ದೂರ ಕೂರಿಸಿದ ಮೇಲೆ ಕೂತವರಿಗೆ ಆಗುವ ನೋವು ಒಂದೇ.

ಮೊನ್ನೆ ಅಕ್ಕನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಏನೂ ಹೇಳಲಿಲ್ಲ. ಚಾ ಮಾಡಿ ಕೊಟ್ಟರು, ಕುಡಿದೆ. ಚರ್ಮದ ಡಾಕ್ಟರಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚನ್ನು ಬಳಗದಿಂದ ಕೊಡೋಣವೆಂದು ಈ ಭಾನುವಾರ ಕೇಳಲಿದ್ದೇನೆ.

*ಇಂದಿನ ಸಂಕಲ್ಪ:* ಕಾಯಿಲೆಯವರನ್ನು ಕಂಡಾಗ ಕಾರಣ ಹುಡುಕುವ ಮೊದಲು ಪಕ್ಕದಲ್ಲಿ ಕೂರುತ್ತೇನೆ.

ಭವತು ಸಬ್ಬ ಮಂಗಲಂ 🙏