ಕಾಣದ ಕಾಣಿಕೆ

ತಿರುಮಕೂಡಲು ನರಸೀಪುರದಲ್ಲಿ, ಕಪಿಲೆ ಬಂದು ಕಾವೇರಿಯನ್ನು ಕೂಡುವ ಎಡೆಯಲ್ಲಿ ನೆಲಸಿರುವ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಪುಣ್ಯದಲ್ಲಿ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂಬುದನ್ನು ಸ್ವಾಮಿಯು ಹೀಗೆ ತೋರುತ್ತಿದ್ದಾನೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಗುಲಗಂಜಿಯೆಂದರೆ ಅಕ್ಕಸಾಲಿಗನು ಚಿನ್ನ ತೂಗುತ್ತಿದ್ದ ಬೀಜ. ಎರಡು ತಟ್ಟೆಗಳೂ ಸಮನಾಗಿ ನಿಂತಿರುವಾಗ ಒಂದರಲ್ಲಿ ಅದನ್ನಿಟ್ಟರೆ ಸಾಕು, ತಕ್ಕಡಿಯ ಮುಳ್ಳು ಆ ಕಡೆಗೆ ವಾಲುತ್ತದೆ. ಬಾಲ್ಯದಲ್ಲಿ ಆ ದೇವರ ಮುಂದೆ ಕೈಮುಗಿದು ನಿಂತಾಗ ನನಗೆ ಈ ಕಥೆಯು ಸ್ಥಳಮಹಿಮೆಯನ್ನು ಸಾರುವ ಕಥೆಯಾಗಿ ಮಾತ್ರ ಕೇಳಿಸುತ್ತಿತ್ತು. ಈಚೀಚೆಗೆ ಅದು ನಮ್ಮ ಸೀಮೆಯ ವ್ಯವಹಾರಸ್ಥರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದನ್ನು ಎತ್ತುತ್ತಿರುವಂತೆ ತೋರುತ್ತಿದೆ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಕಡಕೊಳವನ್ನೂ ತಾಂಡವಪುರವನ್ನೂ ದಾಟುತ್ತ ಹೋದರೆ ಕಾರ್ಖಾನೆಗಳ ಗೋಡೆಗಳೇ ಉದ್ದಕ್ಕೂ ಜೊತೆಗೆ ಬರುತ್ತವೆ. ಒಂದು ಕಾರ್ಖಾನೆ ನಡೆಯಬೇಕಾದರೆ ಅದರ ಸುತ್ತ ನೂರು ಗುತ್ತಿಗೆಗಳು ನಡೆಯಬೇಕು: ಲಾರಿ, ಕೂಲಿಯಾಳು, ಕಾವಲು, ಊಟ, ರಟ್ಟಿನ ಪೆಟ್ಟಿಗೆ, ಕಸದ ವಿಲೇವಾರಿ. ದೀಪಾವಳಿ ಹತ್ತಿರವಾದಾಗ ಈ ಗುತ್ತಿಗೆದಾರರು ತಮಗೆ ಆರ್ಡರ್ ಕೊಡುವ ಅಧಿಕಾರಿಗಳ ಮನೆಗೆ ಗೋಡಂಬಿ ದ್ರಾಕ್ಷಿಯ ಡಬ್ಬವನ್ನೋ, ಬೆಳ್ಳಿಯ ನಾಣ್ಯವನ್ನೋ ಕಳುಹಿಸುವರು. ಡೈರಿ ಕ್ಯಾಲೆಂಡರುಗಳನ್ನು ತೆಗೆದುಕೊಳ್ಳಬಹುದು, ಇಷ್ಟು ರೂಪಾಯಿಗೆ ಮೇಲ್ಪಟ್ಟುದನ್ನು ತೆಗೆದುಕೊಳ್ಳಕೂಡದು ಎಂಬ ನಿಯಮವನ್ನು ದೊಡ್ಡ ಕಂಪನಿಗಳು ಮಾಡಿಕೊಂಡಿರುವುದುಂಟು. ಆ ನಿಯಮ ಇಲ್ಲದಿರುವುದಕ್ಕಿಂತ ಇರುವುದು ಮೇಲು. ಆದರೆ ಅಕ್ಕಸಾಲಿಗನಿಗೆ ಗೊತ್ತಿರುವ ಒಂದು ಸಂಗತಿ ಅದನ್ನು ಬರೆದವರಿಗೆ ಗೊತ್ತಿಲ್ಲ: ಇಬ್ಬರ ಕೊಟೇಶನ್ನುಗಳು ಬೆಲೆಯಲ್ಲಿಯೂ ಗುಣದಲ್ಲಿಯೂ ಸರಿಸಮನಾಗಿದ್ದ ದಿನ, ಮುಳ್ಳನ್ನು ವಾಲಿಸುವುದಕ್ಕೆ ಮಿಠಾಯಿಯ ಒಂದು ಡಬ್ಬವೇ ಧಾರಾಳವಾಯಿತು.

ಹಾಗಾದರೆ ಪ್ರತಿಫಲದ ಆಸೆಯಿಂದ ಕೊಟ್ಟದ್ದೆಲ್ಲವೂ ದೋಷವೆ? ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪ್ರತ್ಯುಪಕಾರವನ್ನು ಬಯಸದೆ ಕೊಟ್ಟುದನ್ನು ಸಾತ್ತ್ವಿಕವೆಂದೂ ಬಯಸಿ ಕೊಟ್ಟುದನ್ನು ರಾಜಸವೆಂದೂ ವಿಂಗಡಿಸುತ್ತದೆ. ಆ ವಿಂಗಡಣೆಗೆ ತಲೆಬಾಗುತ್ತಲೇ ಹೇಳುವುದಾದರೆ, ನಮ್ಮ ಪ್ರಶ್ನೆಗೆ ಅದರಿಂದ ಪೂರ್ಣವಾದ ಉತ್ತರ ದೊರೆಯದು. ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿಯನ್ನು ನೋಡಿ: ಮಂಟಪದ ಒಂದು ಮಗ್ಗುಲಲ್ಲಿ, ಅರಿಸಿನ ಕುಂಕುಮ ಹಚ್ಚಿದ ನೋಟ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮನೆಯ ಹಿರಿಯನೊಬ್ಬನು, ಬಂದವರ ಊರು, ಹೆಸರು, ಹಾಕಿದ ಹಣ ಇವನ್ನು ಒಂದೊಂದಾಗಿ ಬರೆದುಕೊಳ್ಳುತ್ತಾನೆ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನೋ ಅದಕ್ಕಿಂತ ಒಂದಿಷ್ಟು ಹೆಚ್ಚನ್ನೋ ಹಿಂತಿರುಗಿಸಬೇಕೆಂಬುದು ಕೊಟ್ಟವನಿಗೂ ಗೊತ್ತು, ಕೊಂಡವನಿಗೂ ಗೊತ್ತು. ಇದು ಸಂಪೂರ್ಣವಾಗಿ ರಾಜಸ. ಆದರೂ ಇದರಲ್ಲಿ ಹೊಲಸಿಲ್ಲ. ಏಕೆಂದರೆ ಕೊಡುವವನು ತನ್ನ ಗಂಟಿನಿಂದ ಕೊಡುತ್ತಾನೆ, ಹಿಂತಿರುಗಿಸುವವನೂ ತನ್ನ ಗಂಟಿನಿಂದಲೇ ಹಿಂತಿರುಗಿಸುತ್ತಾನೆ. ಕಾರ್ಖಾನೆಯ ಅಧಿಕಾರಿಯು ಮಾತ್ರ ಗುತ್ತಿಗೆದಾರನ ಮುಯ್ಯನ್ನು ತೀರಿಸುವುದು ಯಜಮಾನನ ಗಂಟಿನಿಂದ.

ಗುಟ್ಟಾಗಿ ನಡೆದದ್ದೆಲ್ಲ ದೋಷವೆನ್ನುವುದೂ ಸಲ್ಲದು. ತಲಕಾಡಿನ ಬಳಿಯ ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಕೊಳ್ಳುವವನೂ ಮಾರುವವನೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಾನು ಅನೇಕ ಸಲ ನಿಂತು ನೋಡಿದ್ದೇನೆ. ಸುತ್ತ ನೆರೆದ ಗುಂಪಿಗೆ ಒಂದೂ ತಿಳಿಯದು. ಎತ್ತು ಯಾರದೋ, ದುಡ್ಡು ಯಾರದೋ, ಅವರಿಬ್ಬರಿಗೆ ಎಲ್ಲವೂ ತಿಳಿದಿರುತ್ತದೆ. ದಲ್ಲಾಳಿಗೆ ಸಲ್ಲುವ ಹಣವೂ ಅವರು ಬಲ್ಲದ್ದೇ. ಮರೆಯಿರುವುದು ದಾರಿಹೋಕರಿಗೆ, ಒಡೆಯನಿಗಲ್ಲ. ಕಾರ್ಖಾನೆಯ ಅಧಿಕಾರಿಯ ಕಮಿಷನ್ನಿನ ಟವೆಲಾದರೋ ಎತ್ತಿನ ಒಡೆಯನ ಕಣ್ಣಿಗೇ ಕಟ್ಟಿದ ಟವೆಲು. ಕಾಣಿಕೆಯೆಂಬ ನಮ್ಮ ಮಾತು ಹುಟ್ಟಿದ್ದು ಕಾಣು ಎಂಬ ಧಾತುವಿನಿಂದ. ದೇವರನ್ನೋ ದೊರೆಯನ್ನೋ ಕಂಡಾಗ, ಹತ್ತು ಜನರು ಕಾಣುವಂತೆ ಒಪ್ಪಿಸತಕ್ಕುದು ಅದು. ಯಾರು ಕಾಣಲೇಬೇಕೋ ಅವನು ಕಾಣದಂತೆ ಕೊಟ್ಟುದಕ್ಕೆ ಆ ಹೆಸರನ್ನಿಡುವುದು ಭಾಷೆಗೆ ಮಾಡುವ ದ್ರೋಹ.

ನನ್ನ ಹಳೆಯ ಶಿಷ್ಯನೊಬ್ಬನು ಕೆಲವು ವರ್ಷಗಳಿಂದ ಒಂದು ಕಾರ್ಖಾನೆಯ ಕ್ಯಾಂಟೀನನ್ನು ಗುತ್ತಿಗೆಗೆ ಹಿಡಿದಿದ್ದಾನೆ. ನರಸೀಪುರದ ಕಡೆಯವನು, ಅಡುಗೆಯಲ್ಲಿ ಕೈ ಒಳ್ಳೆಯದು, ಲೆಕ್ಕದಲ್ಲಿ ಇನ್ನೂ ಒಳ್ಳೆಯದು. ಒಂದು ಸೋಮವಾರದ ಸಂಜೆ ನಂಜುಂಡೇಶ್ವರನ ದರ್ಶನ ಮುಗಿಸಿಕೊಂಡು ಕಪಿಲೆಯ ಸೋಪಾನದ ಮೇಲೆ ಕುಳಿತಿದ್ದಾಗ ಅವನು ತಾನಾಗಿಯೇ ಮಾತು ತೆಗೆದ. ದಿನಕ್ಕೆ 600 ಊಟ. ಊಟವೊಂದಕ್ಕೆ 2 ರೂಪಾಯಿ ಒಬ್ಬ ಅಧಿಕಾರಿಗೆ. ತಿಂಗಳಲ್ಲಿ 26 ದಿನದ ಕೆಲಸವೆಂದರೆ 31,200 ರೂಪಾಯಿ. "ಕೊಡದೇ ಇದ್ರೆ ಬಿಲ್ಲು ಮೂರು ತಿಂಗ್ಳು ಮೇಜಿನ ಮೇಲೇ ಕೂತಿರ್ತದೆ ಮೇಷ್ಟ್ರೇ. ಇಪ್ಪತ್ತು ಜನ ಹುಡುಗ್ರು ನನ್ನ ನಂಬ್ಕೊಂಡವ್ರೆ. ಏನೋ, ಈ ನಂಜುಂಡನ ಹಂಗೆ ನುಂಗ್ಕೊಂಡು ಹೋಯ್ತಾ ಇವ್ನಿ," ಎಂದ.

"ನುಂಗುತ್ತಿರುವವನು ನೀನೇ ಏನಪ್ಪ?" ಎಂದು ಕೇಳಿದೆ. ಅವನು ಬಹಳ ಹೊತ್ತು ಹೊಳೆಯನ್ನೇ ನೋಡುತ್ತಿದ್ದು, ಆಮೇಲೆ ಸಾರಿನ ಲೆಕ್ಕ ಹೇಳಿದ. ಮೊದಲು 12 ಕಿಲೋ ತೊಗರಿಬೇಳೆ ಬೇಯುತ್ತಿದ್ದಲ್ಲಿ ಈಗ 8 ಕಿಲೋ ಬೇಯುತ್ತದೆ. ಮಿಕ್ಕದ್ದನ್ನು ಎಣ್ಣೆಯಲ್ಲಿಯೂ ಮಜ್ಜಿಗೆಯ ನೀರಿನಲ್ಲಿಯೂ ಸರಿತೂಗಿಸಬೇಕು. ಹಾಲಾಹಲವನ್ನು ಕುಡಿದ ಶಿವನು ಅದನ್ನು ತನ್ನ ಕಂಠದಲ್ಲಿಯೇ ತಡೆದು ನಿಲ್ಲಿಸಿ, ಒಂದು ಹನಿಯನ್ನೂ ಲೋಕಕ್ಕೆ ಇಳಿಯಗೊಡದೆ ಇದ್ದುದರಿಂದಲೇ ಅಲ್ಲವೆ ನಂಜುಂಡನೆನಿಸಿಕೊಂಡದ್ದು? ಇಲ್ಲಿಯ ನಂಜು ಗುತ್ತಿಗೆದಾರನ ಕಂಠದಲ್ಲಿ ಒಂದು ಗಳಿಗೆಯೂ ನಿಲ್ಲದೆ, ಬೆಳಗಿನ ಪಾಳಿ ಮುಗಿಸಿ ಹಸಿದು ಬಂದು ತಟ್ಟೆ ಹಿಡಿದು ನಿಂತವರ ಸಾರಿಗೆ ನೇರವಾಗಿ ಇಳಿಯುತ್ತಿದೆ.

ತಲಕಾಡಿನಿಂದ ಆಳಿದ ಗಂಗರು ಆದರಿಸಿದ ಜೈನಧರ್ಮದಲ್ಲಿ ಗೃಹಸ್ಥನ ಅಚೌರ್ಯವ್ರತಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ಹೇಳಿದೆ. ಕಳವಿಗೆ ಪ್ರೇರಿಸುವುದು, ಕದ್ದು ತಂದುದನ್ನು ಸ್ವೀಕರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಮೆ ಮಾಡುವುದು, ಒಳ್ಳೆಯದರಲ್ಲಿ ಕೀಳನ್ನು ಬೆರೆಸುವುದು ಇವು ಅವುಗಳಲ್ಲಿ ನಾಲ್ಕು. ಐದನೆಯದು ರಾಜ್ಯದ ಕಟ್ಟಳೆಯನ್ನು ಮೀರುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಈ ಪಟ್ಟಿಯನ್ನು ಓದಿದಾಗ ನಾನು ಬೆರಗಾದೆ, ಆ ನಾಲ್ಕೂ ನನ್ನ ಶಿಷ್ಯನ ಒಂದು ಕೊಳಗ ಸಾರಿನಲ್ಲಿ ಒಟ್ಟಿಗೆ ಕುದಿಯುತ್ತಿದ್ದುವು. ಐದನೆಯದರ ಮಾತು ಬಂದರೆ ನಮ್ಮ ರಾಜ್ಯದ ಕಟ್ಟಳೆಯೇ ಇಲ್ಲಿ ಸಡಿಲು. 1988ರ ಭ್ರಷ್ಟಾಚಾರ ತಡೆ ಕಾಯಿದೆಯು ಸರ್ಕಾರಿ ಸೇವಕನ ಕೈಯನ್ನು ಹಿಡಿಯುತ್ತದೆ, ಖಾಸಗಿ ಕಂಪನಿಯ ಅಧಿಕಾರಿಯ ಕೈಯನ್ನಲ್ಲ. ಇಂಗ್ಲೆಂಡಿನಲ್ಲಿ 1906ರಷ್ಟು ಹಿಂದೆಯೇ ಖಾಸಗಿ ಯಜಮಾನನ ಪ್ರತಿನಿಧಿಯು ತೆಗೆದುಕೊಳ್ಳುವ ಲಂಚವೂ ಅಪರಾಧವಾಯಿತು. ನಮ್ಮ 1872ರ ಕರಾರು ಕಾಯಿದೆಯ 216ನೆಯ ಕಲಮು, ಪ್ರತಿನಿಧಿಯು ಒಡೆಯನಿಗೆ ತಿಳಿಯದಂತೆ ವ್ಯವಹಾರವನ್ನು ತನ್ನ ಲೆಕ್ಕಕ್ಕೆ ತಿರುಗಿಸಿಕೊಂಡರೆ ಬಂದ ಲಾಭವನ್ನು ಕೇಳುವ ಹಕ್ಕನ್ನು ಒಡೆಯನಿಗೆ ಕೊಟ್ಟಿದೆ. ಆದರೆ ತೆಳ್ಳಗಿನ ಸಾರು ಉಂಡವನು ಯಾವ ಕಲಮಿನ ಕೆಳಗೆ ತನ್ನ ಬೇಳೆಯನ್ನು ಕೇಳಬೇಕು?

ಕೊಡದೆ ಗತಿಯಿಲ್ಲದವನ ಪಾಪವೂ ಕೇಳಿ ಪಡೆಯುವವನ ಪಾಪವೂ ಸಮವೆಂದು ನಾನು ಹೇಳಲಾರೆ. ಬಿಲ್ಲನ್ನು ತಡೆಹಿಡಿದು ಕೇಳುವುದು ದಾರಿಯನ್ನು ಅಡ್ಡಗಟ್ಟಿ ಕೇಳುವುದಕ್ಕೆ ಸಮ. ಕಡಮೆ ಸಂಬಳ ಕೊಟ್ಟು, ಮಿಕ್ಕದ್ದನ್ನು ಅಧಿಕಾರಿಯು ಹೊರಗಿನಿಂದ ನೋಡಿಕೊಳ್ಳಲಿ ಎಂದು ಕಣ್ಣುಮುಚ್ಚುವ ಒಡೆಯನೂ ನಿರ್ದೋಷಿಯಲ್ಲ. ಹಾಗೆಂದು ಕೊಡುವವನಿಗೆ ಪೂರ್ಣ ಬಿಡುಗಡೆಯೂ ಇಲ್ಲ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಹಿಂತಿರುಗಿಸಿ ಬರುವಂತೆ ಅವನನ್ನು ಕಳುಹಿಸಿದಳು. ಅಕ್ಕಿ ಚೆಲ್ಲಿದವರು ಕೆಟ್ಟವರೆಂದು ಆಕೆ ಭಾವಿಸಿದ್ದಳೆ? ಇಲ್ಲ, ತನ್ನ ಮಡಕೆಯ ಅಳತೆ ಆಕೆಗೆ ಗೊತ್ತಿತ್ತು, ಅಷ್ಟೆ.

ಶಿಷ್ಯನ ಮನೆಯಲ್ಲಿಯೂ ಅಂಥ ಒಬ್ಬಾಕೆ ಇರುವಳೆಂಬುದು ಆ ಸಂಜೆ ತಿಳಿಯಿತು. ಮನೆಯ ಲೆಕ್ಕದ ಪುಸ್ತಕವನ್ನು ತಿರುವುತ್ತಿದ್ದ ಹೆಂಡತಿ ಅವನನ್ನು ಕೇಳಿದಳಂತೆ: "ನಂಜುಂಡೇಶ್ವರನ ಹುಂಡಿಗೆ ಹಾಕಿದ ನೂರೊಂದು ಬರ್ದಿದೀರಿ. ಮುಯ್ಯಿ ಐವತ್ತು ಹಾಕಿದೋರ ಹೆಸ್ರೂ ಬರ್ದಿದೀರಿ. ತಿಂಗ್ಳು ತಿಂಗ್ಳು ಮೂವತ್ತೊಂದು ಸಾವ್ರಕ್ಕೆ 'ಇತರೆ' ಅಂತ ಯಾಕೆ ಬರ್ದಿದೀರಿ? ಅವ್ರಿಗೆ ಹೆಸ್ರಿಲ್ವಾ?" ಅವನು ಪುಸ್ತಕವನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟನಂತೆ.

ಗುತ್ತಿಗೆಯ ವರ್ಷ ಮುಗಿದಿತ್ತು. ಮಾರನೆಯ ದಿನ ಹೊಸ ಕೊಟೇಶನ್ ಕೊಡಬೇಕು. ಎರಡು ರೂಪಾಯಿಯನ್ನು ಸೇರಿಸಿ ಒಂದು, ಬಿಟ್ಟು ಒಂದು, ಹೀಗೆ ಎರಡು ಹಾಳೆಗಳನ್ನು ಬರೆದು ತಂದಿದ್ದ. ಮಹಾಮಂಗಳಾರತಿಯ ಗಂಟೆ ಕೇಳಿಸಿದಾಗ ಇಬ್ಬರೂ ಎದ್ದೆವು. ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಲಕೋಟೆಗೆ ಅವನು ಇನ್ನೂ ಅಂಟು ಹಚ್ಚಿರಲಿಲ್ಲ.