ರಾತ್ರಿ ಎರಡು ಗಂಟೆಯ ಸಬರ್

ಚಳ್ಳಕೆರೆಯಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರಿದ್ದಾರೆ. ಸೈನ್ಯದಲ್ಲಿದ್ದವರು. ಬೆಟ್ಟದ ದಾರಿಯಲ್ಲಿ ಲಾರಿ ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಈದ್ ದಿನ ಹೋದವರೆಲ್ಲ ಅವರ ಮಂಚದ ಪಕ್ಕ ಸ್ವಲ್ಪ ಹೊತ್ತು ಕೂತು, ಶೀರ್‌ಕುರ್ಮಾ ಕುಡಿದು, ಏಳುವಾಗ ಅವರ ಹೆಂಡತಿಗೆ "ಸಬರ್ ಮಾಡಮ್ಮ, ಅಲ್ಲಾಹ್ ನೋಡ್ಕೋತಾನೆ" ಎಂದು ಹೇಳಿ ಬರುತ್ತೇವೆ. ನಾನೂ ಹೇಳಿದ್ದೇನೆ. ಒಮ್ಮೆ ಆಕೆ ಬಟ್ಟಲು ತೆಗೆಯುತ್ತಾ ನಮ್ಮ ದಖನಿಯಲ್ಲೇ ಅಂದಳು: "ಎಲ್ಲರೂ ಹಗಲಲ್ಲಿ ಬಂದು ಸಬರ್ ಅಂತೀರಿ ಭಾಯ್. ರಾತ್ರಿ ಎರಡು ಗಂಟೆಗೆ ಬಂದು ಹೇಳಿದವರು ಒಬ್ಬರೂ ಇಲ್ಲ."

ಬೆನ್ನುಹುರಿಗೆ ಪೆಟ್ಟಾದವರನ್ನು ಮಲಗಿದಲ್ಲೇ ಬಿಡುವಂತಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತಪ್ಪಿದರೆ ಹಾಸಿಗೆ ಹುಣ್ಣು. ನೋವು ಗೊತ್ತಾಗದ ಚರ್ಮದಲ್ಲಿ ಅದು ಮೂಳೆಯವರೆಗೂ ಇಳಿಯಬಹುದು. ಮೂತ್ರಕ್ಕೆ ನಳಿಕೆ, ಮಲಕ್ಕೆ ಹೊತ್ತು ಹಿಡಿದು ಮಾಡುವ ಕೆಲಸ, ಜ್ವರ ಬಂದರೆ ಸೋಂಕಿನ ಭಯ. ಎತ್ತಿ ಕೂರಿಸಿ, ಎತ್ತಿ ಮಲಗಿಸಿ ಈಗ ಆಕೆಯ ಬೆನ್ನೂ ನೆಟ್ಟಗಿಲ್ಲ. ಅದನ್ನು ತೋರಿಸಲು ಆಸ್ಪತ್ರೆಗೆ ಹೋಗಬೇಕೆಂದರೆ ಆ ಮೂರು ಗಂಟೆ ಮನೆಯಲ್ಲಿ ಯಾರಿರುತ್ತಾರೆ? ಮದುವೆಯಾದ ನಾಲ್ಕನೇ ವರ್ಷದಲ್ಲಿ ಹೆಂಡತಿ ದಾದಿಯಾದಳು. ಆ ಬಗ್ಗೆ ಕೇಳುವ ಧೈರ್ಯ ಕತೆ ಬರೆಯುವ ನನಗೂ ಇಲ್ಲ.

ಹಿಂದೆ ಇಂಥ ಪೆಟ್ಟಾದವರಲ್ಲಿ ಹೆಚ್ಚಿನವರು ಹುಣ್ಣು ನಂಜಾಗಿಯೋ ಮೂತ್ರಪಿಂಡ ಕೆಟ್ಟೋ ಬೇಗನೆ ತೀರಿಹೋಗುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರ ವಿಭಾಗ ವಹಿಸಿಕೊಂಡ ಡಾಕ್ಟರ್ ಲುಡ್ವಿಗ್ ಗುಟ್‌ಮನ್, ಮಗ್ಗುಲು ಬದಲಿಸುವ ಈ ಕೆಲಸವನ್ನೇ ಚಿಕಿತ್ಸೆಯ ಮುಖ್ಯ ಭಾಗ ಮಾಡಿದರು. ನಮ್ಮಲ್ಲೂ ಸೈನಿಕರಿಗಾಗಿ ಪುಣೆಯ ಖಡ್ಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡು ತಗುಲಿದ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಒಳ್ಳೆಯದೇ. ಆದರೆ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ನಾಲ್ಕಾರು ಜನ ಮಾಡುವ ಕೆಲಸ ಮನೆಗೆ ಬಂದಾಗ ಒಬ್ಬಳದಾಗುತ್ತದೆ. ಅದೂ ತಿಂಗಳುಗಳ ಮಾತಲ್ಲ, ಮೂವತ್ತು ನಲವತ್ತು ವರ್ಷ. ಸಬರ್ ಎಂಬ ಮಾತನ್ನು ನಾವು ಇಷ್ಟು ದೀರ್ಘಕ್ಕೆ ಅಳೆದು ನೋಡಿಯೇ ಇಲ್ಲ.

ಸಬರ್ ಎಂದೊಡನೆ ಹಝ್ರತ್ ಅಯ್ಯೂಬರ ಹೆಸರು ಬರುತ್ತದೆ. ವರ್ಷಗಟ್ಟಲೆ ರೋಗದಲ್ಲಿದ್ದ ಅವರನ್ನು ನೋಡಿಕೊಂಡ ಹೆಂಡತಿಯ ಹೆಸರು ಕುರ್‌ಆನಿನಲ್ಲಿಲ್ಲ. ಕತೆ ಹೇಳುವವರು ಆಕೆಯನ್ನು ರಹಮತ್ ಎಂದರು, ಊರವರ ಮನೆಗೆಲಸ ಮಾಡಿ ಗಂಡನನ್ನು ಸಾಕಿದಳೆಂದರು. ಅಜ್ಜಿ ಈ ಕತೆ ಹೇಳುವಾಗ ನಾನು ಒಮ್ಮೆಯೂ ಕೇಳಲಿಲ್ಲ: ಆ ಊರಿನವರು ಆಗ ಏನು ಮಾಡುತ್ತಿದ್ದರು?

ಸರಕಾರದ ಕಡತದಲ್ಲೂ ಆಕೆಗೆ ಹೆಸರಿಲ್ಲ. ಗಂಡ ರಣರಂಗದಲ್ಲಿ ಸತ್ತರೆ ಹೆಂಡತಿ 'ವೀರನಾರಿ'. ಬದುಕಿ ಮಂಚ ಹಿಡಿದರೆ ಆಕೆಗೆ ಯಾವ ಬಿರುದೂ ಇಲ್ಲ. ನೂರಕ್ಕೆ ನೂರು ಅಂಗವಿಕಲನಾದ ಸೈನಿಕನಿಗೆ ಸದಾ ಜೊತೆಗೊಬ್ಬ ಸಹಾಯಕ ಬೇಕೆಂದು ವೈದ್ಯ ಮಂಡಳಿ ಹೇಳಿದರೆ ಒಂದು ಭತ್ಯೆಯುಂಟು. 7ನೇ ವೇತನ ಆಯೋಗದ ನಂತರ ಅದು ತಿಂಗಳಿಗೆ 6,750 ರೂಪಾಯಿ ಎಂದಾಯಿತು. ಆಗಿನ ಲೆಕ್ಕದಲ್ಲಿ ಹಗಲು ರಾತ್ರಿ ಸೇರಿ ದಿನಕ್ಕೆ 225 ರೂಪಾಯಿ. ಅದೂ ಹೋಗುವುದು ಗಂಡನ ಪಿಂಚಣಿಯ ಜೊತೆಗೆ. 2010ರಲ್ಲಿ ಅಮೆರಿಕ ಮಾಡಿದ ಕಾನೂನಿನಲ್ಲಿ ನೋಡಿಕೊಳ್ಳುವವರ ಕೈಗೇ ಹಣ ಕೊಡುವ ವ್ಯವಸ್ಥೆಯಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಸಂಬಳವಿಲ್ಲದೆ ಆರೈಕೆ ಮಾಡುವ ಮನೆಯವರನ್ನು ಆರೈಕೆದಾರರೆಂದು ಒಪ್ಪುತ್ತದೆ. ಕಾಗದದ ಮೇಲೆ ಒಪ್ಪಿದ್ದು ಮನೆಗೆ ಬರಬೇಕು, ಅಷ್ಟೇ.

ನನ್ನ ಹೆಂಡತಿಯ ತವರು ಮೊಳಕಾಲ್ಮೂರು. ಅಲ್ಲಿ ಅವರ ಬೀದಿಯಲ್ಲೊಬ್ಬಳು ರೇಷ್ಮೆ ಸೀರೆ ನೇಯುತ್ತಾಳೆ. ಗಂಡ ಹುಣಸೆ ಮರದಿಂದ ಬಿದ್ದವನು. ಮಗ್ಗದ ಪಕ್ಕದಲ್ಲೇ ಮಂಚ. ಮೊಬೈಲ್ ಕೂಗಿದಾಗ ಲಾಳಿ ಬಿಟ್ಟು, ಗುಂಡಿಯಿಂದ ಮೇಲೆದ್ದು, ಅವನ ಮಗ್ಗುಲು ಬದಲಿಸಿ ಮತ್ತೆ ಇಳಿಯುತ್ತಾಳೆ. ಹುಣಸೆಕಾಯಿಗೆ ಮರ ಹತ್ತಿದವನಿಗೆ ಸೈನಿಕನ ಪಿಂಚಣಿ ಎಲ್ಲಿಯದು? ದೇಶಕ್ಕಾಗಿ ಬಿದ್ದವನೋ ಹೊಟ್ಟೆಗಾಗಿ ಬಿದ್ದವನೋ, ಎರಡೂ ಮನೆಯ ಹೆಂಗಸರ ನಿದ್ದೆ ಹೋದದ್ದು ಒಂದೇ ರೀತಿ.

ಮದ್ರಸದಲ್ಲಿ ನಮಗೆ ಎರಡು ಬಗೆಯ ಕರ್ತವ್ಯ ಕಲಿಸಿದ್ದರು. ಒಂದು ಫರ್ಝ್ ಐನ್, ಪ್ರತಿಯೊಬ್ಬರೂ ತಾವೇ ಮಾಡಬೇಕಾದದ್ದು, ನಮಾಝಿನಂತೆ. ಇನ್ನೊಂದು ಫರ್ಝ್ ಕಿಫಾಯ. ಊರಲ್ಲಿ ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಊರಿಗೆ ಊರೇ ತಪ್ಪಿತಸ್ಥ. ಇದಕ್ಕೆ ಉಸ್ತಾದರು ಕೊಡುತ್ತಿದ್ದ ಉದಾಹರಣೆ ಜನಾಝಾ. ಚಳ್ಳಕೆರೆಯ ಆ ಮನೆಯಲ್ಲಿ ನಾಳೆ ಸಾವಾದರೆ ಹೆಗಲು ಕೊಡಲು ನೂರು ಜನ ನೂಕಾಡುತ್ತಾರೆ, ನನಗೆ ಗೊತ್ತು. ಸತ್ತವನನ್ನು ಹೊರುವುದು ಊರಿನ ಹೊಣೆ, ಬದುಕಿದವನ ಮಗ್ಗುಲು ಬದಲಿಸುವುದು ಮಾತ್ರ ಹೆಂಡತಿಯ ಹೊಣೆ ಎಂದು ಯಾವ ಕಿತಾಬಿನಲ್ಲಿ ಬರೆದಿದೆ? ಹೆಂಡತಿಗೆ ಪ್ರೀತಿಯಿಲ್ಲವೆಂದಲ್ಲ. ಪ್ರೀತಿಯಿದ್ದರೂ ಕಣ್ಣು ಮುಚ್ಚುತ್ತವೆ. ಅವಳನ್ನು ಹೊಗಳಿದಷ್ಟೂ 'ಸಾಕಾಯಿತು' ಎನ್ನುವ ಅವಳ ಬಾಯಿ ಕಟ್ಟುತ್ತೇವೆ. ಹೊಗಳಿಕೆಗೆ ಖರ್ಚಿಲ್ಲವಲ್ಲ.

ಕಳೆದ ಸಲ ಹೋದಾಗ ಅಲ್ಲೇ ಉಳಿದೆ. ಕಲಿಸು ಎಂದೆ. ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ, ಎರಡೂ ಒಟ್ಟಿಗೆ ಹೊರಳಬೇಕು, ಮೊಣಕಾಲುಗಳ ನಡುವೆ ದಿಂಬು. ಮೊದಲ ಸಲ ಕೆಟ್ಟದಾಗಿ ಎಳೆದೆನೆಂದು ಬೈದಳು. ರಾತ್ರಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡಕ್ಕೆ ಅಲಾರಾಂ ಆಯಿತು. ಅವರು ಎಚ್ಚರವಾಗಿಯೇ ಇದ್ದರು. ನಾನು ಭುಜ ಹಿಡಿದ ಕೂಡಲೆ ಪರೇಡಿನ ದನಿಯಲ್ಲಿ, ಆದರೆ ಆಕೆಗೆ ಕೇಳಿಸದಷ್ಟು ಮೆಲ್ಲಗೆ, "ಬಾಯೇಂ ಮುಡ್" ಎಂದರು.